ಬಿದ್ದವರ ಸುತ್ತ ಸುತ್ತುವ ಕ್ಯಾಮೆರಾ

ಕಳೆದ ಚಳಿಗಾಲದಲ್ಲಿ ಬಳ್ಳಾರಿ ಕೌಲ್ ಬಜಾರಿನ ನಮ್ಮ ಮನೆಯ ಮಹಡಿಯ ಮೇಲೆ ಮೂರು ಸಂಜೆ ಮೂರು ಸಾಕ್ಷ್ಯಚಿತ್ರಗಳನ್ನು ನೋಡಿದೆವು. ಕೂತವರು ಐದು ಜನ. ಅವರಲ್ಲೊಬ್ಬರು ಕುರುಗೋಡಿನ ಹೈಸ್ಕೂಲ್ ಮೇಷ್ಟ್ರು. ಇನ್ನೊಬ್ಬರು ಸಿರುಗುಪ್ಪ ಕಡೆಯ ಭತ್ತದ ರೈತರು. ಗಣಿ ಭರಾಟೆಯ ದಿನಗಳಲ್ಲಿ ಕಾಲುವೆ ನೀರಿನ ಗದ್ದೆ ಅಡವಿಟ್ಟು ಟಿಪ್ಪರ್ ಲಾರಿ ಕೊಂಡವರು. ಚಿತ್ರಗಳೆಲ್ಲ ಇಂಗ್ಲಿಷಿನವು. ಅರ್ಥವಾಗದ ಕಡೆ ನಿಲ್ಲಿಸಿ, ಒಮ್ಮೆ ದಖನಿಯಲ್ಲಿ, ಒಮ್ಮೆ ಕನ್ನಡದಲ್ಲಿ ಹೇಳುತ್ತಾ ಹೋಗುವ ಕೆಲಸ ನಮ್ಮದಾಗಿತ್ತು. ಒಂದೂವರೆ ಗಂಟೆಯ ಚಿತ್ರಕ್ಕೆ ಮೂರು ಗಂಟೆ ಹಿಡಿಯಿತು.

ಮೊದಲ ದಿನ ನೋಡಿದ್ದು ಅಲೆಕ್ಸ್ ಗಿಬ್ನಿ 2010ರಲ್ಲಿ ಮಾಡಿದ 'ಕ್ಲೈಂಟ್ 9'. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಗಿ ವಾಲ್‌ಸ್ಟ್ರೀಟಿನ ದೊಡ್ಡ ದೊಡ್ಡ ಕುಳಗಳ ಬೆವರಿಳಿಸಿದ್ದ, 2007ರಲ್ಲಿ ಅದೇ ರಾಜ್ಯದ ಗವರ್ನರ್ ಆದ ಎಲಿಯಟ್ ಸ್ಪಿಟ್ಜರ್ ಎಂಬಾತನ ಕತೆ. ಹಣ ಕೊಟ್ಟು ಹೆಣ್ಣುಗಳ ಸಹವಾಸ ಮಾಡುತ್ತಿದ್ದುದು ಬಯಲಾಗಿ 2008ರ ಮಾರ್ಚಿನಲ್ಲಿ ಆತ ರಾಜೀನಾಮೆ ಕೊಟ್ಟ. ಚಿತ್ರ ಮುಗಿದ ಮೇಲೆ ಸಿರುಗುಪ್ಪದ ಮಿತ್ರರು ಕೇಳಿದ್ದು ಒಂದೇ ಮಾತು: "ಇಷ್ಟಕ್ಕೇ ಕುರ್ಚಿ ಬಿಟ್ಟನಾ?" ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಅಮೆರಿಕದ ಸಾಕ್ಷ್ಯಚಿತ್ರದ ಜಾಡನ್ನು ಬಳ್ಳಾರಿಯ ಕತೆಗೆ ಹಾಕಿ ನೋಡಬಹುದೇ ಎಂಬ ನಮ್ಮ ಯೋಚನೆಗೆ ಆ ಪ್ರಶ್ನೆಯೇ ಮೊದಲ ತಡೆಯಾಯಿತು.

ಗಿಬ್ನಿಯ ಚಿತ್ರದ ಶಕ್ತಿ ಇರುವುದು ಶತ್ರುಗಳ ಮುಖಗಳಲ್ಲಿ. ವಿಮಾ ಕಂಪನಿ ಎಐಜಿಯ ಹ್ಯಾಂಕ್ ಗ್ರೀನ್‌ಬರ್ಗ್, ಹೂಡಿಕೆದಾರ ಕೆನ್ ಲ್ಯಾಂಗೋನ್, ರಾಜ್ಯ ಸೆನೆಟ್ಟಿನ ನಾಯಕ ಜೋಸೆಫ್ ಬ್ರೂನೋ, ರಾಜಕೀಯ ತಂತ್ರಗಾರ ರೋಜರ್ ಸ್ಟೋನ್, ಇವರೆಲ್ಲ ಕ್ಯಾಮೆರಾದ ಮುಂದೆ ಕೂತು ಆತ ಬಿದ್ದ ಸಂತೋಷವನ್ನು ಮುಚ್ಚಿಡದೆ ಮಾತಾಡುತ್ತಾರೆ. ಆತನನ್ನು ಕೆಡವಲು ಇವರು ಕೈಹಾಕಿದ್ದರೇ ಎಂಬುದಕ್ಕೆ ಚಿತ್ರದಲ್ಲಿ ಪುರಾವೆಯಿಲ್ಲ, ಅನುಮಾನವಿದೆ. ಆ ಅನುಮಾನವನ್ನು ನಿರ್ದೇಶಕ ಎಷ್ಟು ಜಾಣತನದಿಂದ ಸಾಕುತ್ತಾನೆಂದರೆ, ಕೊನೆಗೆ ನೋಡುಗನಿಗೆ ಬಿದ್ದವನ ತಪ್ಪಿಗಿಂತ ನಗುವವರ ಹಲ್ಲೇ ಹೆಚ್ಚು ಕಾಣುತ್ತದೆ. ಸ್ಪಿಟ್ಜರ್ ಮಾತ್ರ ತನ್ನ ಪತನಕ್ಕೆ ತಾನೇ ಕಾರಣ ಎಂದು ಒಪ್ಪಿಕೊಳ್ಳುತ್ತಾನೆ. ಹಾಗೆ ಒಪ್ಪಿಕೊಂಡಷ್ಟೂ ನಮಗೆ ಆತನ ಮೇಲೆ ಕನಿಕರ. ಆತ ಹೋದ ಆರು ತಿಂಗಳಿಗೆ, 2008ರ ಸೆಪ್ಟೆಂಬರಿನಲ್ಲಿ, ವಾಲ್‌ಸ್ಟ್ರೀಟೇ ಕುಸಿಯಿತು. ಕಾವಲುಗಾರನನ್ನು ಓಡಿಸಿದ ಮೇಲೆ ಮನೆ ಲೂಟಿಯಾಯಿತು ಎಂಬ ಭಾವನೆಯನ್ನು ಉಳಿಸಿ ಚಿತ್ರ ಮುಗಿಯುತ್ತದೆ.

ಈಗ ಇದೇ ಅಚ್ಚಿನಲ್ಲಿ ಗಾಲಿ ಜನಾರ್ದನ ರೆಡ್ಡಿಯವರ ಚಿತ್ರ ಮಾಡಿದರೆ? ಸಾಮಗ್ರಿಗೆ ಬರವಿಲ್ಲ. ಪೊಲೀಸ್ ಪೇದೆಯ ಮಗ. 1999ರಲ್ಲಿ ಸೋನಿಯಾ ಗಾಂಧಿಯವರ ಎದುರು ಸುಷ್ಮಾ ಸ್ವರಾಜ್ ಬಳ್ಳಾರಿಯಲ್ಲಿ ನಿಂತಾಗ ಅವರ ಬೆನ್ನಿಗೆ ನಿಂತ ಸಹೋದರರು. ಚೀನಾಕ್ಕೆ ಅದಿರು ಬೇಕಾದ ಕಾಲ, ಆಂಧ್ರದ ಗಡಿಯ ಓಬಳಾಪುರಂ ಗಣಿ. 2008ರ ಚುನಾವಣೆಯಲ್ಲಿ 110 ಸ್ಥಾನಕ್ಕೆ ನಿಂತ ಬಿಜೆಪಿಗೆ ಪಕ್ಷೇತರರನ್ನು ಜೋಡಿಸಿದ ಕೈ, ಅದರ ಫಲವಾಗಿ ಬಂದ ಮಂತ್ರಿಗಿರಿ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ; ಅದರ ಲೆಕ್ಕದಲ್ಲಿ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ. ಅದೇ ವರ್ಷ ಸೆಪ್ಟೆಂಬರ್ 5ರ ಬೆಳಿಗ್ಗೆ ಸಿಬಿಐ ಬಂಧನ, ಹೈದರಾಬಾದಿನ ಚಂಚಲಗುಡ ಜೈಲು.

ಶತ್ರುಗಳ ಪಟ್ಟಿಯೂ ಸಿದ್ಧವಾಗಿದೆ. ತಾವು ರಾಜಕೀಯ ಸೇಡಿಗೆ ಬಲಿಯಾದೆವೆಂದು ರೆಡ್ಡಿಯವರು ಹೇಳುತ್ತಲೇ ಬಂದಿದ್ದಾರೆ. 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ಪಾದಯಾತ್ರೆ ಬಂದ ಸಿದ್ದರಾಮಯ್ಯ, ಹೊಂದಾಣಿಕೆಯಾಗದ ಯಡಿಯೂರಪ್ಪ, ಆಂಧ್ರದ ವಿರೋಧಿಗಳು, ದೆಹಲಿಯ ಕಾಂಗ್ರೆಸ್. ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿಸಿ, ಹಿನ್ನೆಲೆಗೆ ತೆಳ್ಳಗೆ ಒಂದು ಪಿಟೀಲು ಹಾಕಿದರೆ ಮುಗಿಯಿತು, ನೋಡುವವರ ಕಣ್ಣು ಒದ್ದೆಯಾಗುತ್ತದೆ. ಆದರೆ ಗಿಬ್ನಿಯ ಅಚ್ಚು ಇಲ್ಲಿ ತಲೆಕೆಳಗು. ಕಾವಲುಗಾರರ ಜಾಗದಲ್ಲಿ ಇದ್ದವರು ಸಂತೋಷ್ ಹೆಗ್ಡೆ, ಬೆಟ್ಟ ಬೆಟ್ಟ ಅಲೆದು ಅವರಿಗೆ ಲೆಕ್ಕ ಕೊಟ್ಟ ಅರಣ್ಯಾಧಿಕಾರಿ ಯು.ವಿ. ಸಿಂಗ್. ಶತ್ರುಗಳನ್ನೇ ಎಣಿಸುತ್ತಾ ಕೂತ ಚಿತ್ರದಲ್ಲಿ ಇವರೂ ಶತ್ರುಗಳ ಸಾಲಿಗೇ ಸೇರುತ್ತಾರೆ. ಆ ಬಗೆಯ ಚಿತ್ರದ ದೊಡ್ಡ ಅಪಾಯ ಇದೇ ಎಂದು ನಮಗನಿಸುತ್ತದೆ. ಸುಳ್ಳು ಹೇಳದೆಯೇ ಅದು ದೂರು ಕೊಟ್ಟವನನ್ನೂ ದ್ವೇಷ ಸಾಧಿಸಿದವನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿಬಿಡುತ್ತದೆ.

ಎರಡನೇ ಸಂಜೆ ನೋಡಿದ್ದು 'ವೀನರ್' (2016). ಜೋಶ್ ಕ್ರೀಗ್ಮನ್ ಮತ್ತು ಎಲಿಸ್ ಸ್ಟೈನ್‌ಬರ್ಗ್ ಅವರದು. ತನ್ನದೇ ಅಶ್ಲೀಲ ಚಿತ್ರಗಳನ್ನು ಕಳಿಸಿ 2011ರಲ್ಲಿ ಸಂಸತ್ ಸ್ಥಾನ ಕಳೆದುಕೊಂಡ ಆಂಥನಿ ವೀನರ್, 2013ರಲ್ಲಿ ನ್ಯೂಯಾರ್ಕಿನ ಮೇಯರ್ ಚುನಾವಣೆಗೆ ನಿಂತು ಮತ್ತೆ ಅದೇ ಕೆಸರಿಗೆ ಬೀಳುವುದನ್ನು ಕ್ಯಾಮೆರಾ ಮನೆಯೊಳಗೇ ಕೂತು ಹಿಡಿದಿದೆ. ಇಲ್ಲಿ ಬಲಿಷ್ಠ ಶತ್ರು ಅಂತ ಯಾರೂ ಇಲ್ಲ, ಆತನ ಕೈಯಲ್ಲಿರುವ ಫೋನನ್ನು ಬಿಟ್ಟರೆ. ನಮ್ಮ ಕಣ್ಣು ಹೆಚ್ಚು ಹೊತ್ತು ನಿಂತದ್ದು ಆತನ ಹೆಂಡತಿ ಹೂಮಾ ಆಬಿದೀನ್ ಮೇಲೆ. ಅಲಿಗಢದಲ್ಲಿ ಓದಿದ ತಂದೆಯ ಮಗಳು, ಹಿಲರಿ ಕ್ಲಿಂಟನ್ನರ ಆಪ್ತ ಸಹಾಯಕಿ. ಆಕೆ ಚಿತ್ರದಲ್ಲಿ ಆಡುವ ಮಾತು ಕಡಿಮೆ. ಕೈಕಟ್ಟಿ ನಿಂತು ಗಂಡನನ್ನು ನೋಡುವ ಆ ನೋಟದ ಮುಂದೆ ನಮ್ಮ ಮಹಡಿಯಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ಮನೆಗಳಲ್ಲಿ ಕಂಡ ನೋಟ ಅದು. ಇಷ್ಟನ್ನೆಲ್ಲ ಯಾಕೆ ಚಿತ್ರೀಕರಿಸಲು ಬಿಟ್ಟೆ ಎಂದು ನಿರ್ದೇಶಕರೇ ಕೊನೆಗೆ ಆತನನ್ನು ಕೇಳುತ್ತಾರೆ. ಆಕೆಯನ್ನು ಕೇಳಬೇಕಿತ್ತು.

ಮೂರನೆಯದು ನಮ್ಮ ನೆಲದ್ದೇ. ಪತ್ರಕರ್ತ ಪರಂಜೊಯ್ ಗುಹಾ ಠಾಕುರ್ತಾ ಅವರ 'ಬ್ಲಡ್ ಅಂಡ್ ಐರನ್'. ದಕ್ಷಿಣ ಭಾರತದಲ್ಲಿ ಅಪರಾಧ, ವ್ಯಾಪಾರ, ರಾಜಕಾರಣ ಮೂರೂ ಒಂದುಗೂಡಿದ ಕತೆ ಎಂಬರ್ಥದ ಉದ್ದದ ಉಪಶೀರ್ಷಿಕೆ ಇದಕ್ಕಿದೆ. ಇದು ಬಂಧನಕ್ಕೂ ಮುಂಚೆ ತಯಾರಾದದ್ದು. ಮಂತ್ರಿಗಳು ಇನ್ನೂ ಮಂತ್ರಿಗಳಾಗಿದ್ದಾಗ, 'ಬಳ್ಳಾರಿ ಗಣರಾಜ್ಯ' ಎಂಬ ಮಾತನ್ನು ಊರವರು ಹೊಟೇಲಿನಲ್ಲಿ ಅತ್ತ ಇತ್ತ ನೋಡಿ ಆಡುತ್ತಿದ್ದಾಗ, ಇವರು ಕ್ಯಾಮೆರಾ ಹೊತ್ತು ತಿರುಗಿದರು ಎಂಬುದೇ ಈ ಚಿತ್ರಕ್ಕೆ ನಾವು ಕೊಡುವ ಮೊದಲ ಅಂಕ. ಬಿದ್ದವನ ಮೇಲೆ ಚಿತ್ರ ಮಾಡಲು ಧೈರ್ಯ ಬೇಕಿಲ್ಲ. 2011ರ ಸೆಪ್ಟೆಂಬರ್ ಆದ ಮೇಲೆ ನಮ್ಮ ಟಿವಿ ಚಾನೆಲ್ಲುಗಳು ಮಾಡಿದ ಅರ್ಧರ್ಧ ಗಂಟೆಯ 'ವಿಶೇಷ'ಗಳನ್ನು ನೋಡಿದವರಿಗೆ ಇದು ಗೊತ್ತು. ಚಿನ್ನದ ಕುರ್ಚಿ, ಹೆಲಿಕಾಪ್ಟರ್, ಈಜುಕೊಳ. ಮತ್ತೆ ಚಿನ್ನದ ಕುರ್ಚಿ.

ಈ ಎಲ್ಲ ವಿಶೇಷಗಳೂ ಬಂಧನದ ಬೆಳಗಿನಿಂದಲೇ ಶುರುವಾಗುತ್ತಿದ್ದವು. ಉರ್ದು ಶಾಲೆಯಲ್ಲಿ ಓದಿದ ನಮಗೆ ಪತನ ಎಂದಾಗ ನೆನಪಾಗುವ ಶಬ್ದ 'ಜವಾಲ್'. ನಡುಹಗಲಲ್ಲಿ ಸೂರ್ಯ ನೆತ್ತಿಯಿಂದ ಜಾರುವ ಗಳಿಗೆಗೂ ಅದೇ ಹೆಸರು. ಅದು ಕಳೆದ ಮೇಲೆ ಜುಹರ್ ನಮಾಜಿನ ಹೊತ್ತು. ಅಂದರೆ ಇಳಿತ ಶುರುವಾಗುವಾಗ ಬಿಸಿಲು ಇನ್ನೂ ನೆತ್ತಿ ಸುಡುತ್ತಲೇ ಇರುತ್ತದೆ, ಇಳಿಯುತ್ತಿದೆ ಎಂದು ಯಾರಿಗೂ ಅನಿಸುವುದಿಲ್ಲ. ಬಳ್ಳಾರಿಯ ಜವಾಲ್ ಯಾವಾಗ ಎಂದು ಕೇಳಿದರೆ ನಾವು 2009ರ ಮಳೆಗಾಲದ ಕೊನೆಯನ್ನು ತೋರಿಸುತ್ತೇವೆ. ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅದೇ ಡಿಸೆಂಬರಿನಲ್ಲಿ ಓಬಳಾಪುರಂ ಗಣಿಯ ಮೇಲೆ ಸಿಬಿಐ ಪ್ರಕರಣ ದಾಖಲಾಯಿತು. ಹೊಸ ಶತ್ರು ಯಾರೂ ಹುಟ್ಟಿರಲಿಲ್ಲ. ಇದ್ದ ಒಬ್ಬ ದೊಡ್ಡ ಮಿತ್ರ ಇಲ್ಲವಾಗಿದ್ದರು. ಆಮೇಲೆ ಒಬ್ಬೊಬ್ಬರಾಗಿ ದೂರ ಸರಿದರು. ಇವರನ್ನು ಮಂತ್ರಿ ಮಾಡಿದ್ದರಲ್ಲಿ ತಮ್ಮ ಪಾತ್ರವಿಲ್ಲವೆಂದು 2011ರಲ್ಲಿ ಸುಷ್ಮಾ ಸ್ವರಾಜ್ ಹೇಳಿದರು. ಪಕ್ಷಕ್ಕೂ ಜನಾರ್ದನ ರೆಡ್ಡಿಗೂ ಸಂಬಂಧವಿಲ್ಲವೆಂದು 2018ರಲ್ಲಿ ಅಮಿತ್ ಶಾ ಹೇಳಿದರು. ಪತನದ ಚಿತ್ರ ಮಾಡುವವರು ಶತ್ರುಗಳನ್ನು ಹುಡುಕುವ ಮೊದಲು ಮಿತ್ರರ ಹಾಜರಿ ಪುಸ್ತಕ ತೆರೆಯಬೇಕು.

ಈ 2009ರ ನಡುವೆ ಬಂದದ್ದು ನೆರೆ. ಸಿರುಗುಪ್ಪದ ಮಿತ್ರರು ಮಾತಿಗೆ ಇಳಿದದ್ದು ಇಲ್ಲಿ. ಆ ಅಕ್ಟೋಬರ್ ಮೊದಲ ವಾರ ತುಂಗಭದ್ರೆಯೂ ಹಗರಿಯೂ ಒಟ್ಟಿಗೆ ಏರಿ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದ್ದವು. ತೆನೆ ಹಿಡಿದ ಗದ್ದೆಗಳ ಮೇಲೆ ಮರಳು ಕೂತಿತು. ಸಂತ್ರಸ್ತರಿಗೆ ಮನೆ ಕಟ್ಟಲು ಹಣ ಹೊಂದಿಸಬೇಕೆಂದು ಅದಿರು ಲಾರಿಯೊಂದಕ್ಕೆ 1,000 ರೂಪಾಯಿ ತೆರಿಗೆ ಹಾಕುವ ಮಾತನ್ನು ಯಡಿಯೂರಪ್ಪ ಎತ್ತಿದರು. ಗಣಿಧಣಿಗಳು ಸಿಡಿದೆದ್ದರು. ಶಾಸಕರನ್ನು ಹೈದರಾಬಾದಿಗೂ ಗೋವೆಗೂ ಒಯ್ದು ಐಷಾರಾಮಿ ಹೋಟೆಲುಗಳಲ್ಲಿ ಇಟ್ಟರು. ನವೆಂಬರಿನಲ್ಲಿ ಮುಖ್ಯಮಂತ್ರಿ ಟಿವಿಯಲ್ಲಿ ಅತ್ತರು, ಶೋಭಾ ಕರಂದ್ಲಾಜೆ ಮಂತ್ರಿ ಪದವಿ ಬಿಟ್ಟರು, ಸಂಧಾನವಾಯಿತು. ಆ ಕಣ್ಣೀರು ಎಲ್ಲರಿಗೂ ನೆನಪಿದೆ. ಯಾವ ವಿಶೇಷ ಕಾರ್ಯಕ್ರಮದಲ್ಲೂ ಅದು ತಪ್ಪುವುದಿಲ್ಲ. ತೆರಿಗೆಯ ಮಾತು ಯಾಕೆ ಬಂತು, ಯಾರ ಮನೆಗಾಗಿ ಬಂತು ಎಂಬುದು ಯಾವುದರಲ್ಲೂ ಇಲ್ಲ. "ನಾವು ಗಂಜಿ ಕೇಂದ್ರದಾಗ ಕುಂತು ಟಿವಿ ನೋಡಿದ್ವಿ. ಅದರಾಗ ರೆಸಾರ್ಟ್ ತೋರಿಸ್ತಿದ್ರು" ಎಂದರು ಅವರು. ಅವರ ಲಾರಿ ಆಗ ಹೊಸದು. ಒಂದು ಕಡೆ ನೆರೆ ಪರಿಹಾರಕ್ಕೆ ಅರ್ಜಿ, ಇನ್ನೊಂದು ಕಡೆ ಲಾರಿ ಮೇಲೆ ತೆರಿಗೆ ಬೀಳದಿರಲಿ ಎಂಬ ಪ್ರಾರ್ಥನೆ. ಈ ಇಕ್ಕಟ್ಟನ್ನು ನಗುತ್ತಲೇ ಹೇಳಿದರು.

ಸಿರುಗುಪ್ಪ, ಕುರುಗೋಡುಗಳಲ್ಲಿ ಅದಿರಿಲ್ಲ. ಒಂದು ಕಡೆ ಕಾಲುವೆ, ಭತ್ತ, ಅಕ್ಕಿ ಗಿರಣಿ. ಇನ್ನೊಂದು ಕಡೆ ದೊಡ್ಡಬಸವೇಶ್ವರನ ಗುಡಿ, ಬಂಡೆಗಲ್ಲಿನ ಗುಡ್ಡ, ಮೆಣಸಿನಕಾಯಿ, ಹತ್ತಿ. ಹಾಗಾಗಿ ಗಣಿಯ ಚಿತ್ರ ಮಾಡುವವರಿಗೆ ಅಲ್ಲಿ ಕೆಲಸವಿಲ್ಲ. ಅವರು ಸಂಡೂರಿನ ಕೆಂಪು ಬೆಟ್ಟಕ್ಕೆ ಹೋಗುತ್ತಾರೆ. ಧೂಳಿಗೆ ಕ್ಯಾಮೆರಾ ಬೇಗ ಒಲಿಯುತ್ತದೆ. ಆದರೆ 2008ರಲ್ಲಿ ಜಿಲ್ಲೆಯ 9 ಕ್ಷೇತ್ರಗಳ ಪೈಕಿ 8 ಒಂದೇ ಪಕ್ಷದ ಪಾಲಾದವು. ಗಣಿಯ ಸಂಡೂರೇ ಅದರಿಂದ ತಪ್ಪಿಸಿಕೊಂಡಿತ್ತು, ಗದ್ದೆಯ ಸಿರುಗುಪ್ಪ ಒಲಿದಿತ್ತು. ಕುರುಗೋಡು ಎಂಬ ಹೆಸರಿನ ಕ್ಷೇತ್ರ ಆ ವರ್ಷದ ಮರುವಿಂಗಡಣೆಯಲ್ಲಿ ಮಾಯವಾಗಿ ಕಂಪ್ಲಿ ಹುಟ್ಟಿತ್ತು, ಅದೂ ಒಲಿಯಿತು. ಧೂಳು ಮುಟ್ಟದ ಊರುಗಳಿಗೆ ದುಡ್ಡು ಹೇಗೆ ಮುಟ್ಟಿತು ಎಂಬುದನ್ನು ಯಾರಾದರೂ ಚಿತ್ರ ಮಾಡಿದ್ದಾರೆಯೇ? ಮೇಷ್ಟ್ರು ಹೇಳಿದಂತೆ, ಆ ಕಾಲದಲ್ಲಿ ಗುಡಿಗೆ ಗೋಪುರ, ಮಸೀದಿಗೆ ಕಾಂಪೌಂಡು, ಬಡವರ ಮಕ್ಕಳಿಗೆ ಸಾಮೂಹಿಕ ಮದುವೆ ಎಲ್ಲದಕ್ಕೂ ಯಾರಾದರೊಬ್ಬ ಧಣಿ ಸಿಗುತ್ತಿದ್ದ. ಅಂಥ ಚಪ್ಪರದಡಿ ನಿಕಾಹ್ ಆದ ಹುಡುಗಿಯರು ಕೌಲ್ ಬಜಾರಿನಲ್ಲೂ ಇದ್ದಾರೆ, ಜೀನ್ಸ್ ಹೊಲಿಯುತ್ತಿದ್ದಾರೆ. ಅವರ ಎದುರು ನಿಂತು ಆ ದುಡ್ಡು ಹರಾಮು ಎನ್ನುವ ಎದೆ ನಮಗಿಲ್ಲ. ಅದು ಎಲ್ಲಿಂದ ಬಂತೆಂದು ನಾವು ಆಗ ಕೇಳಲಿಲ್ಲ ಎಂಬುದನ್ನಾದರೂ ಬರೆಯಬೇಕಲ್ಲ.

ಊರಿನ ಜನ ಈ ಪತನಕ್ಕೆ ಬೇರೆಯೇ ಕಾರಣ ಕೊಡುತ್ತಾರೆ. ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿ 2006ರಲ್ಲಿ ಸ್ಫೋಟಕ್ಕೆ ಸಿಕ್ಕಿ ನೆಲಸಮವಾಯಿತಲ್ಲ, ಆ ತಾಯಿಯ ಶಾಪ ತಟ್ಟಿತು ಎನ್ನುತ್ತಾರೆ. ನಾವು ಶಾಪವನ್ನು ನಂಬುವವರಲ್ಲ. ಆದರೂ ಗಿಬ್ನಿಯ ಶತ್ರುಗಳ ಪಟ್ಟಿಗಿಂತ ಈ ಕತೆಯಲ್ಲಿ ಹೆಚ್ಚು ವಿವೇಕ ಕಾಣುತ್ತದೆ. ಅದು ಯಾರು ಕೆಡವಿದರೆಂದು ಕೇಳುವ ಮೊದಲು ಇವರು ಏನನ್ನು ಕೆಡವಿದರೆಂದು ಕೇಳುತ್ತದೆ.

ಅಮೆರಿಕದ ಚಿತ್ರಗಳಲ್ಲಿ ಬಿದ್ದವನು ಬಿದ್ದೇ ಇರುತ್ತಾನೆ. ಇಲ್ಲಿ? 2015ರ ಜನವರಿಯಲ್ಲಿ ಜಾಮೀನು, ಬಳ್ಳಾರಿಗೆ ಕಾಲಿಡಬಾರದೆಂಬ ಷರತ್ತು. 2016ರ ನವೆಂಬರಿನಲ್ಲಿ, ನೋಟು ರದ್ದಾಗಿ ಜನ ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತಿದ್ದ ವಾರದಲ್ಲೇ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಗಳ ಮದುವೆ. ಆಮಂತ್ರಣವಾಗಿ ಬಂದದ್ದು ಒಂದು ಪೆಟ್ಟಿಗೆ. ಮುಚ್ಚಳ ತೆರೆದರೆ ಒಳಗಿನ ಪರದೆಯ ಮೇಲೆ ಇಡೀ ಕುಟುಂಬ ಹಾಡುತ್ತಾ ಕರೆಯುತ್ತಿತ್ತು. ಮೈದಾನದಲ್ಲಿ ಹಂಪಿಯ ವಿಠಲ ದೇವಾಲಯದ ಸೆಟ್ಟು. ಬಿದ್ದ ರಾಜಕಾರಣಿಯ ಬಗ್ಗೆ ಕರ್ನಾಟಕದಲ್ಲಿ ಬಂದ ಅತ್ಯಂತ ಪರಿಣಾಮಕಾರಿ ಚಿತ್ರ ಯಾವುದೆಂದು ಕೇಳಿದರೆ ಆ ಪೆಟ್ಟಿಗೆಯೊಳಗಿನ ಎರಡು ನಿಮಿಷವೇ ಎಂದು ನಾವು ಹೇಳುತ್ತೇವೆ. ನಿರ್ಮಾಪಕರೂ ಅವರೇ, ನಾಯಕರೂ ಅವರೇ. ಅದರಲ್ಲಿ ಶತ್ರುಗಳಿಲ್ಲ, ಜೈಲಿಲ್ಲ, ಧೂಳಿಲ್ಲ.

2022ರ ಡಿಸೆಂಬರಿನಲ್ಲಿ ಹೊಸ ಪಕ್ಷ. 2023ರಲ್ಲಿ ಗಂಗಾವತಿಯಲ್ಲಿ ಇಕ್ಬಾಲ್ ಅನ್ಸಾರಿಯವರನ್ನು ಸೋಲಿಸಿ ಶಾಸಕ. ನಮ್ಮವರ ಮತವೂ ಒಂದಿಷ್ಟು ಅತ್ತ ಹೋಯಿತೆಂದು ಅಲ್ಲಿಯ ನಂಟರು ಹೇಳಿದಾಗ ನಮಗೆ ಆಶ್ಚರ್ಯವಾಗಲಿಲ್ಲ. ಅದೇ ಚುನಾವಣೆಯಲ್ಲಿ ಬಳ್ಳಾರಿ ನಗರದಲ್ಲಿ ಅವರ ಪತ್ನಿಯೂ ಸ್ವಂತ ಸಹೋದರ ಸೋಮಶೇಖರ ರೆಡ್ಡಿಯೂ ಎದುರುಬದುರು ನಿಂತು ಇಬ್ಬರೂ ಸೋತರು. 2024ರ ಮಾರ್ಚಿನಲ್ಲಿ ಪಕ್ಷವೇ ಬಿಜೆಪಿಯಲ್ಲಿ ಲೀನ. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಓಬಳಾಪುರಂ ಪ್ರಕರಣದಲ್ಲಿ 7 ವರ್ಷ ಶಿಕ್ಷೆ ವಿಧಿಸಿತು, ಶಾಸಕತ್ವ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು, ಶಾಸಕತ್ವ ಮರಳಿತು. ಬಂಧನಕ್ಕೂ ತೀರ್ಪಿಗೂ ನಡುವೆ ಹದಿಮೂರು ವರ್ಷ ಎಂಟು ತಿಂಗಳು. ಇಷ್ಟು ದೀರ್ಘ ಕಾಲವನ್ನು ಯಾವ ಸಂಕಲನಕಾರ ಹೇಗೆ ಕತ್ತರಿಸಿ ಒಂದೂವರೆ ಗಂಟೆಗೆ ಇಳಿಸಬಲ್ಲ?

ಕುರುಗೋಡಿನ ಮೇಷ್ಟ್ರದು ಒಂದು ಯೋಜನೆಯಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ದಿನ ನಿಂತ ಲಾರಿಗಳಲ್ಲಿ ಒಂದನ್ನು ಹಿಡಿಯಬೇಕಂತೆ. ಸಾಲ ಕೊಟ್ಟವರು, ಓಡಿಸಿದವರು, ಅದರ ಚಕ್ರದಡಿ ಸತ್ತವರು, ಆಮೇಲೆ ಕೊಂಡವರು, ಹೀಗೆ ಆ ಲಾರಿಯ ಹಿಂದೆಯೇ ಕ್ಯಾಮೆರಾ ಹೋಗಬೇಕಂತೆ. ರೆಡ್ಡಿಯವರು ಅದರಲ್ಲಿ ಎಲ್ಲೋ ಒಂದು ಫ್ಲೆಕ್ಸಿನಲ್ಲಿ ಬಂದುಹೋದರೆ ಸಾಕು. ಸಿರುಗುಪ್ಪದ ಮಿತ್ರರು ತಮ್ಮ ಲಾರಿಯನ್ನೇ ಕೊಡಲು ಒಪ್ಪಿದ್ದಾರೆ. ಅದೀಗ ಅಕ್ಕಿ ಗಿರಣಿಯ ತೌಡು ಹೊರುತ್ತಿದೆ, ಎಫ್‌ಸಿ ಮುಗಿದಿದೆ. ಮಾಡುವವರು ಯಾರಾದರೂ ಬಂದರೆ ಉಳಿಯಲು ಕೌಲ್ ಬಜಾರಿನ ನಮ್ಮ ಮಹಡಿ ಖಾಲಿಯಿದೆ. ಬೇಸಿಗೆ ಬಿಟ್ಟು ಬಂದರೆ ಒಳ್ಳೆಯದು.