ಕುರ್ಚಿಯನ್ನು ಲೆಕ್ಕಕ್ಕೆ ಹಿಡಿಯದ ತೂಕ

ಐದನೇ ತಿಂಗಳಲ್ಲಿ ಆಫೀಸಿನ ನನ್ನ ಮೇಜಿನ ಡ್ರಾಯರ್ ಎಳೆದರೆ ಫೈಲುಗಳಿಗಿಂತ ಮೊದಲು ಡಬ್ಬಿಗಳು ಕಾಣುತ್ತಿದ್ದವು. ಅತ್ತೆ ಕಟ್ಟಿಕೊಟ್ಟ ತಂಬಿಟ್ಟು, ಪಕ್ಕದ ಮೇಜಿನ ಅಕ್ಕ ತಂದ ಕೋಡುಬಳೆ, ಗ್ಲೂಕೋಸ್ ಬಿಸ್ಕತ್ತು, ಊರಿಗೆ ಹೋಗಿ ಬಂದವರು ಕೊಟ್ಟ ಧಾರವಾಡ ಪೇಡ. "ಬಸುರಿ ಹಸಿದಿರಬಾರದು ಕಣೇ" ಎಂದು ಎಲ್ಲರೂ ಪ್ರೀತಿಯಿಂದ ಕೊಡುತ್ತಿದ್ದರು. ಕಂಪ್ಯೂಟರಿನಲ್ಲಿ ಲೆಕ್ಕ ತಾಳೆ ನೋಡುತ್ತ ನಾನೂ ತಿನ್ನುತ್ತಿದ್ದೆ. ತಿಂಗಳ ತಪಾಸಣೆಗೆ ಹೋದಾಗ ತೂಕದ ಯಂತ್ರದ ಪಕ್ಕ ನಿಂತಿದ್ದ ನರ್ಸ್ ಕಾರ್ಡ್ ನೋಡಿ, "ಏನಮ್ಮಾ, ನಾಲ್ಕು ವಾರಕ್ಕೆ 3 ಕೆಜಿ?" ಎಂದರು. ಡಾಕ್ಟರು "ಸಿಹಿ, ಎಣ್ಣೆ ಕಡಿಮೆ ಮಾಡಿ, ವಾಕಿಂಗ್ ಮಾಡಿ" ಎಂದು ಹೇಳಿ ಮುಂದಿನವರ ಹೆಸರು ಕರೆದರು. ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ಸಂಜೆ ಆರಕ್ಕೆ ಏಳುತ್ತೇನೆ, ಹೋಗುವಾಗ ಬರುವಾಗ ಗಂಟೆಗಟ್ಟಲೆ ಬಸ್ಸಿನಲ್ಲೂ ಕೂತಿರುತ್ತೇನೆ ಎಂಬುದನ್ನು ಅಲ್ಲಿ ಯಾರೂ ಕೇಳಲಿಲ್ಲ. ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಕೂತು ದುಡಿಯುವ ಬಸುರಿಯ ತೂಕವನ್ನು ನಮ್ಮ ಮನೆ, ಆಸ್ಪತ್ರೆ, ಕಚೇರಿ ನೋಡಿಕೊಳ್ಳುವ ಕ್ರಮದಲ್ಲಿ ನನಗೆ ಕಾಣುವ ದೊಡ್ಡ ಊನ ಇದೇ. ತಟ್ಟೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕುರ್ಚಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮೊದಲು ಮನೆಯ ಮಾತು. "ಎರಡು ಜೀವದವಳು, ಇಬ್ಬರ ಊಟ ಮಾಡು" ಎಂಬುದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಅದನ್ನು ಹೇಳಿದ ಅಜ್ಜಿಯರು ತುಂಬು ಬಸುರಿನಲ್ಲೂ ನಾಟಿ ಹಾಕಿದವರು, ನೀರು ಸೇದಿದವರು, ರಾಗಿ ಬೀಸಿದವರು. ಅವರಲ್ಲಿ ಎಷ್ಟೋ ಮಂದಿಗೆ ಹೊಟ್ಟೆ ತುಂಬ ಸಿಕ್ಕಿರಲೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ನೋಡಿದರೆ ಅಜ್ಜಿಯ ಮಾತು ಎಲ್ಲಿ ಸರಿ, ಎಲ್ಲಿ ಕೂಡುವುದಿಲ್ಲ ಎಂಬುದು ತಿಳಿಯುತ್ತದೆ. 55 ಕೆಜಿ ತೂಕದ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕಿಲೋ ಕ್ಯಾಲೊರಿ ಸಾಕು. ಮಧ್ಯಮ ಶ್ರಮದ ಕೆಲಸದವಳಿಗೆ 2130 ಬೇಕು. ಬಸುರಿಗೆ ಹೆಚ್ಚುವರಿ 350. ಕೂಡಿಸಿ ನೋಡಿ: ಮೇಜಿನ ಮುಂದೆ ಕೂತ ಬಸುರಿಗೆ ಬೇಕಾಗುವುದು 2010. ಮೈಮುರಿದು ಓಡಾಡುವ, ಬಸುರಿಯಲ್ಲದ ಹೆಂಗಸಿಗೆ ಬೇಕಾದದ್ದಕ್ಕಿಂತಲೂ ಅದು ಕಡಿಮೆ! ಈ ಒಂದು ಹೋಲಿಕೆಯನ್ನು ಯಾರಾದರೂ ಆಗ ನನಗೆ ಹೇಳಿದ್ದರೆ ನೂರು ಉಪದೇಶಕ್ಕಿಂತ ಹೆಚ್ಚು ಉಪಯೋಗವಾಗುತ್ತಿತ್ತು. ಹೆಚ್ಚುವರಿ 350 ಎಂದರೆ ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಬಾಳೆಹಣ್ಣಿನ ಆಸುಪಾಸು. ಅದೇ ಸಂಸ್ಥೆ ಕೊನೆಯ ಮೂರು ತಿಂಗಳಿಗೆ ದಿನಕ್ಕೆ 22 ಗ್ರಾಂ ಹೆಚ್ಚುವರಿ ಪ್ರೋಟೀನ್ ಹೇಳುತ್ತದೆ. ಡ್ರಾಯರಿನ ಡಬ್ಬಿಗಳಲ್ಲಿ ಇಲ್ಲದ್ದು ಅದೊಂದೇ. ಸೀಮಂತದ ದಿನದ ಬಯಕೆ ಊಟದ ಬಗ್ಗೆ ನನ್ನ ತಕರಾರೇನೂ ಇಲ್ಲ, ಐದು ಬಗೆ ಅನ್ನವನ್ನೂ ಹೋಳಿಗೆಯನ್ನೂ ಮನಸಾರೆ ಉಣ್ಣಲಿ. ತೂಕ ಏರಿಸುವುದು ಆ ಒಂದು ಊಟವಲ್ಲ, ದಿನಾ ಹನ್ನೊಂದು ಗಂಟೆಗೂ ನಾಲ್ಕು ಗಂಟೆಗೂ ಗಮನವಿಲ್ಲದೆ ಬಾಯಿಗೆ ಹೋಗುವ ತುತ್ತು.

ಆಸ್ಪತ್ರೆಯ ವಿಷಯಕ್ಕೆ ಬಂದರೆ, ಅಲ್ಲಿನ ತೂಕದ ಪಟ್ಟಿ ಒಳ್ಳೆಯ ಸಾಧನ, ಆದರೆ ನಾವು ಅದನ್ನು ಕೆಟ್ಟದಾಗಿ ಬಳಸುತ್ತಿದ್ದೇವೆ. ಹೆಚ್ಚು ಚಾಲ್ತಿಯಲ್ಲಿರುವುದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಪ್ರಕಟಿಸಿದ ಪಟ್ಟಿ. ಬಸುರಿಗೆ ಮುಂಚಿನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇದ್ದವರು 12.5ರಿಂದ 18 ಕೆಜಿ, 25ರ ಒಳಗಿನವರು 11.5ರಿಂದ 16, 25ರಿಂದ 30ರವರೆಗಿನವರು 7ರಿಂದ 11.5, ಅದಕ್ಕೂ ಮೇಲಿನವರು 5ರಿಂದ 9 ಕೆಜಿ ಏರಬಹುದು ಎನ್ನುತ್ತದೆ ಅದು. ನಮ್ಮ ದೇಶದ ವೈದ್ಯರು ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂಬ ಗೆರೆ ಎಳೆದಿದ್ದಾರೆ. ಏಕೆಂದರೆ ನಮಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ಸಕ್ಕರೆ ಕಾಯಿಲೆ ಬೇಗ ಹತ್ತುತ್ತದೆ. ಈಗ 155 ಸೆಂಟಿಮೀಟರ್ ಎತ್ತರದ, 58 ಕೆಜಿ ತೂಕದ ಹೆಣ್ಣುಮಗಳನ್ನು ತೆಗೆದುಕೊಳ್ಳಿ. ಅವಳ ಬಿಎಂಐ 24. ಅಮೆರಿಕದ ಪಟ್ಟಿಯಲ್ಲಿ ಅವಳು ಸಹಜ ತೂಕದವಳು, 16 ಕೆಜಿವರೆಗೂ ಏರಬಹುದು. ನಮ್ಮ ಗೆರೆಯಲ್ಲಿ ಅವಳು ಆಗಲೇ ಅಧಿಕ ತೂಕದವಳು. ಯಾವ ಅಂಕಿಯನ್ನು ನಂಬಬೇಕು? ಇದನ್ನು ಕೂತು ಬಿಡಿಸಿ ಹೇಳುವಷ್ಟು ಸಮಯ ಒಪಿಡಿಯಲ್ಲಿ ಸಿಗುವುದಿಲ್ಲ. ಅಲ್ಲದೆ ನಮ್ಮಲ್ಲಿ ಮೊದಲ ತೂಕ ದಾಖಲಾಗುವ ಹೊತ್ತಿಗೆ ಎಷ್ಟೋ ಸಲ ಎರಡು ಮೂರು ತಿಂಗಳು ಕಳೆದಿರುತ್ತದೆ. ಬಸುರಿಗೆ ಮುಂಚಿನ ತೂಕ ಅಂದಾಜಾಗುತ್ತದೆ, ಅದರ ಮೇಲೆ ಕಟ್ಟಿದ ಲೆಕ್ಕವೂ ಅಂದಾಜೇ.

ಏರುವ ತೂಕ ಎಲ್ಲಿ ಹೋಗಿ ಸೇರುತ್ತದೆ ಎಂಬುದನ್ನಾದರೂ ಹೇಳಬೇಕು. 12 ಕೆಜಿ ಏರಿದರೆ ಅದರಲ್ಲಿ ಮಗು ಸುಮಾರು 3. ಮಾಸು ಮತ್ತು ಮಗುವಿನ ಸುತ್ತಲಿನ ನೀರು ಸೇರಿ ಒಂದೂವರೆಯ ಹತ್ತಿರ. ಹಿಗ್ಗಿದ ಗರ್ಭಕೋಶ, ಮೊಲೆ, ಹೆಚ್ಚಿದ ರಕ್ತ, ಮೈಯಲ್ಲಿ ನಿಂತ ನೀರು ಸೇರಿ ನಾಲ್ಕೈದು. ಉಳಿದ ಮೂರು ಚಿಲ್ಲರೆ ಕೆಜಿ ಕೊಬ್ಬು, ಅದು ಮುಂದೆ ಹಾಲೂಡಿಸಲು ಬೇಕಾದ ಉಳಿತಾಯ. ಇದನ್ನು ತಿಳಿಸದೆ ಬರೀ ಅಂಕಿಯನ್ನು ಪರೀಕ್ಷೆಯ ಮಾರ್ಕಿನಂತೆ ಓದಿ ಹೇಳಿದರೆ ನಾಚಿಕೆಯಾಗುತ್ತದೆ. ನಾನೇ ಎರಡು ಸಲ ತಪಾಸಣೆಯ ದಿನ ತಿಂಡಿ ಬಿಟ್ಟು ಹೋಗಿದ್ದೆ, ಮುಳ್ಳು ಅರ್ಧ ಕೆಜಿ ಕಡಿಮೆ ತೋರಿಸಲೆಂದು. ತೂಕ ನೋಡುವ ಉದ್ದೇಶವೇ ಅಲ್ಲಿಗೆ ಹಾಳಾಯಿತು. ವಾರದೊಳಗೆ ತಟ್ಟನೆ ಏರಿದ ತೂಕ, ಜೊತೆಗೆ ಮುಖ ಕೈ ಊತ, ತಲೆನೋವು, ಕಣ್ಣು ಮಂಜಾಗುವುದು ಬಿಪಿಯ ಅಪಾಯ ಸೂಚಿಸಬಹುದು. ಆಗ ಊಟ ಬಿಡುವುದಲ್ಲ, ಅದೇ ದಿನ ಡಾಕ್ಟರ ಬಳಿ ಹೋಗಬೇಕು. ಬಸುರಿನಲ್ಲಿ ತೂಕ ಇಳಿಸುವ ಡಯಟ್ ಮಾಡಲೇಬಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಒಂದೇ ಸಲಹೆ ಎಲ್ಲರಿಗೂ ಹೊಂದುವುದಿಲ್ಲ ಎನ್ನಲು ನಮ್ಮ ರಾಜ್ಯವೇ ಸಾಕ್ಷಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ 17ರಷ್ಟು ಮಂದಿ ತೀರಾ ಸಣ್ಣಗಿದ್ದಾರೆ, ಶೇ 30ರಷ್ಟು ಮಂದಿ ಅಧಿಕ ತೂಕದವರು. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟವನ್ನು ಅಂಗನವಾಡಿಯಲ್ಲಿ ಉಣ್ಣುವ ಕೂಲಿಯ ತಾಯಿಗೆ "ಚೆನ್ನಾಗಿ ತಿನ್ನಮ್ಮ" ಎನ್ನುವುದು ಅತ್ಯಂತ ಸರಿಯಾದ ಮಾತು. ಅದೇ ಮಾತನ್ನು ನನಗೆ ಹೇಳಿದಾಗ ಅದು ಬೇರೆ ಕೆಲಸ ಮಾಡಿತು.

ಕಚೇರಿಯ ಕುರ್ಚಿ ಮಾಡುವ ಕೆಡುಕು ಕ್ಯಾಲೊರಿಗಷ್ಟೇ ಸಂಬಂಧಿಸಿದ್ದಲ್ಲ. ಬಸುರಿನ ಎರಡನೇ ಅರ್ಧದಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸವನ್ನು ಮಂದ ಮಾಡುತ್ತವೆ, ಮಗುವಿಗೆ ಸಕ್ಕರೆ ಸಿಗಲಿ ಎಂದು ಮೈ ಮಾಡಿಕೊಂಡ ಏರ್ಪಾಡು ಅದು. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಹೀರಿಕೊಳ್ಳಬೇಕಾದ್ದು ಮುಖ್ಯವಾಗಿ ಸ್ನಾಯುಗಳು, ಅದರಲ್ಲೂ ತೊಡೆ, ಮೀನಖಂಡಗಳಂಥ ದೊಡ್ಡವು. ಕೂತಾಗ ಅವು ಸುಮ್ಮನಿರುತ್ತವೆ. ಹತ್ತು ನಿಮಿಷ ನಡೆದರೆ ಅವು ಇನ್ಸುಲಿನ್ನನ್ನು ಹೆಚ್ಚು ಕಾಯದೆಯೇ ಸಕ್ಕರೆ ಎಳೆದುಕೊಳ್ಳುತ್ತವೆ. ಊಟವಾದ ಮೇಲೆ ನೂರು ಹೆಜ್ಜೆ ಹಾಕಬೇಕೆಂಬ ಹಿರಿಯರ ಮಾತು ಎಷ್ಟು ಗಟ್ಟಿ ಎಂಬುದು ಇದನ್ನು ತಿಳಿದ ಮೇಲೆಯೇ ನನಗೆ ಅರ್ಥವಾದದ್ದು. ಬಸುರಿಯ ಸಕ್ಕರೆ ಕಾಯಿಲೆ ಪತ್ತೆಗೆ ಚೆನ್ನೈನ ಡಾ. ವಿ. ಶೇಷಯ್ಯ ಅವರಂಥವರು ರೂಢಿಗೆ ತಂದ ಸರಳ ಪರೀಕ್ಷೆ ನಮ್ಮ ದೇಶದ ಹೆಮ್ಮೆ: 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವುದು, 140 ಅಥವಾ ಮೇಲಿದ್ದರೆ ಎಚ್ಚರ, ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ಕಟ್ಟುಪಾಡೂ ಇಲ್ಲ. ರೋಗ ಹಿಡಿಯುವ ಜಾಣ್ಮೆ ನಮ್ಮಲ್ಲಿದೆ. ಅದು ಬರದಂತೆ ದಿನದ ಕೆಲಸವನ್ನು ಹೊಂದಿಸುವ ಯೋಚನೆ ಮಾತ್ರ ಯಾರ ಪಾಲಿಗೂ ಬಂದಿಲ್ಲ.

ಕಾನೂನನ್ನೇ ನೋಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆ, ಹೆರಿಗೆ ಹತ್ತಿರವಾದ ಹೆಂಗಸು ಕೇಳಿಕೊಂಡರೆ ಅವಳಿಂದ ಶ್ರಮದ ಕೆಲಸವನ್ನೂ ಬಹಳ ಹೊತ್ತು ನಿಲ್ಲುವ ಕೆಲಸವನ್ನೂ ಮಾಡಿಸಬಾರದು ಎಂದಿತು. ಗಿರಣಿ, ತೋಟಗಳ ಕಾಲಕ್ಕೆ ಅದು ಕರುಣೆಯುಳ್ಳ ಮಾತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವನ್ನೂ ಅದು ಕೊಟ್ಟಿತು. 2017ರ ತಿದ್ದುಪಡಿ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿತು, 50 ಜನರಿಗಿಂತ ಕಡಿಮೆಯಿಲ್ಲದ ಕಡೆ ಶಿಶುಪಾಲನಾ ಕೇಂದ್ರ ಬೇಕೆಂದಿತು. ಇವೆಲ್ಲ ದೊಡ್ಡ ಗಳಿಕೆಗಳು, ನಾನೂ ಅನುಭವಿಸಿದವಳು. ಆದರೆ ಹೆರಿಗೆಗೆ ಮುಂಚಿನ ಎಂಟು ತಿಂಗಳು ಅಲ್ಲಾಡದೆ ಕೂತಿರುವುದೂ ಒಂದು ಕಷ್ಟ ಎಂದು ಎಲ್ಲಿಯೂ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಬಸುರಿಯರನ್ನು ಹೆಸರಿಸಿ, ವಾರಕ್ಕೆ 150 ನಿಮಿಷ ಮಧ್ಯಮ ಚಟುವಟಿಕೆ ಬೇಕು, ಕೂತಿರುವ ಹೊತ್ತು ಕಡಿಮೆಯಾಗಬೇಕು ಎಂದಿದೆ. ರಕ್ತಸ್ರಾವ, ಮಾಸು ಕೆಳಗಿರುವುದು, ದಿನ ತುಂಬುವ ಮೊದಲೇ ನೋವಿನ ಭಯ ಇಂಥವು ಇದ್ದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಉಳಿದವರಿಗೆ ಇದು ಸುರಕ್ಷಿತ. ನಮ್ಮ ಆಫೀಸಿನಲ್ಲಿ ಶನಿವಾರ ಒಂದು ಗಂಟೆ ಯೋಗ ಇಟ್ಟರು, ಒಳ್ಳೆಯದೇ. ಉಳಿದ ಐದು ದಿನ ಮಧ್ಯಾಹ್ನ ಎದ್ದು ಕಾರಿಡಾರಿನಲ್ಲಿ ನಡೆದರೆ "ಎಲ್ಲಿ ಮೇಡಂ, ಸೀಟಿನಲ್ಲೇ ಇರಲಿಲ್ಲ?" ಎಂಬ ಪ್ರಶ್ನೆ ಬರುತ್ತಿತ್ತು.

ಮೊದಲ ಬಸುರಿನಲ್ಲಿ ನನಗೆ 19 ಕೆಜಿ ಏರಿತು. ಎರಡನೆಯದರಲ್ಲಿ ಸಿಕ್ಕ ಡಾಕ್ಟರು ವಯಸ್ಸಾದವರು. ತೂಕ ನೋಡುವ ಮೊದಲೇ "ಏನು ಕೆಲಸಮ್ಮ, ಎಷ್ಟು ಹೊತ್ತು ಕೂತಿರ್ತೀಯ?" ಎಂದು ಕೇಳಿದರು. ಹೇಳಿದೆ. ಅವರು ನನಗೆ ಏನನ್ನೂ ಬರೆದುಕೊಡದೆ ನನ್ನ ಆಫೀಸಿಗೆ ಬರೆದರು. ಲೆಟರ್‌ಹೆಡ್ ಮೇಲೆ ಎರಡೇ ಸಾಲು: ಇವರು ಗಂಟೆಗೊಮ್ಮೆ ಐದು ನಿಮಿಷ, ಊಟದ ನಂತರ ಹದಿನೈದು ನಿಮಿಷ ನಡೆದಾಡುವುದು ವೈದ್ಯಕೀಯವಾಗಿ ಅಗತ್ಯ. ಮ್ಯಾನೇಜರು ಅದನ್ನು ಓದಿ, ಸಹಿ ಹಾಕಿ, ನನ್ನ ಫೈಲಿಗೆ ಸೇರಿಸಿದರು. ಮರುದಿನದಿಂದ ಎರಡು ಗಂಟೆಯಾದರೆ ಡಬ್ಬಿ ಮುಚ್ಚಿಟ್ಟು, ಯಾರನ್ನೂ ಕೇಳದೆ ಮೆಟ್ಟಿಲಿಳಿದು ಕಾಂಪೌಂಡಿನ ಹೊಂಗೆಮರಗಳ ನೆರಳಿನಲ್ಲಿ ನಡೆಯತೊಡಗಿದೆ. ಪಕ್ಕದ ಮೇಜಿನ ಅಕ್ಕನೂ ಎದ್ದು ಬಂದರು.