‘ವ್ಯರ್ಥ’ವೋ ಆವಿಯೋ: ಉಪದೇಶಕ ಗ್ರಂಥದ ಒಂದು ಪದ

ಹಲವು ವರ್ಷಗಳ ಹಿಂದೆ ಯುವಕನೊಬ್ಬನ ಶವಸಂಸ್ಕಾರದಲ್ಲಿ ಉಪದೇಶಕ (ಪ್ರಸಂಗಿ) ಗ್ರಂಥದ ಆರಂಭವನ್ನು ಓದಿ, ಇಹದ ಬಾಳೆಲ್ಲ ವ್ಯರ್ಥವೆಂದು ಪ್ರಬೋಧಿಸಿದೆ. ಮುಂದಿನ ಸಾಲಿನಲ್ಲಿ ಆತನ ತಾಯಿ ಕುಳಿತಿದ್ದರು. ಗ್ರಂಥವೇ ಹಾಗೆ ಹೇಳುತ್ತದೆಂಬ ಧೈರ್ಯ ಅಂದು ನನಗಿತ್ತು.

ನಮ್ಮ ಬೈಬಲಿನಲ್ಲಿ ‘ವ್ಯರ್ಥ’ ಎಂದಿರುವೆಡೆ ಹೀಬ್ರೂ ಮೂಲದಲ್ಲಿರುವುದು ‘ಹೆಬೆಲ್’. ಈ ಪುಟ್ಟ ಗ್ರಂಥದಲ್ಲಿ ಅದು 38 ಬಾರಿ ಬರುತ್ತದೆ. ಅದರ ಮೂಲಾರ್ಥ ಉಸಿರು, ಆವಿ. ಇದ್ದೂ ಹಿಡಿತಕ್ಕೆ ಸಿಗದ್ದು. (ಕನ್ನಡದ ‘ಹಬೆ’ ಕಿವಿಗೆ ಹತ್ತಿರವಾದರೂ ನಂಟೇನೂ ಇಲ್ಲ.) ಗ್ರೀಕ್ ಅನುವಾದ ಅದನ್ನು ‘ಮತಾಯೊಟೆಸ್’ ಎಂದಿತು, ಸಂತ ಜೆರೋಮರ ಲತೀನ್ ‘ವನಿತಾಸ್’ ಎಂದಿತು. ಚಿತ್ರವೊಂದು ತೀರ್ಪಾಗಿಬಿಟ್ಟಿತು. ಆವಿಯೆಂಬ ಅರ್ಥ ಜೆರೋಮರಿಗೆ ತಿಳಿಯದ್ದಲ್ಲ; ಅವರ ವ್ಯಾಖ್ಯಾನವೇ ಅದನ್ನು ಗುರುತಿಸುತ್ತದೆ. ಆದರೆ ರೋಮಿನ ಯುವ ವಿಧವೆ ಬ್ಲೆಸಿಲ್ಲಾಳಿಗೆ ಅವರು ಈ ಗ್ರಂಥವನ್ನು ಓದಿ ಹೇಳಿದ್ದೇ ಲೋಕತಿರಸ್ಕಾರವನ್ನು ಮೂಡಿಸಲೆಂದು. ವ್ಯಾಖ್ಯಾನ ಮುಗಿಯುವ ಮೊದಲೇ ಆಕೆ ತೀರಿಕೊಂಡಳು.

‘ವ್ಯರ್ಥ’ವೆಂದರೆ ಅರ್ಥ ಕಳೆದುಕೊಂಡದ್ದು, ಉದ್ದೇಶವಿಲ್ಲದ್ದು. ಉಪದೇಶಕನು ಅಷ್ಟು ಖಚಿತವಾಗಿ ನುಡಿಯುವವನಲ್ಲ. ಬಲ್ಲವರಾರೆಂದು ಮತ್ತೆ ಮತ್ತೆ ಕೇಳುವವನು. ಅವನು ಅರಸುವುದು ‘ಯಿತ್ರೋನ್’, ಅಂದರೆ ಲೆಕ್ಕ ಮುಗಿದ ಮೇಲೆ ಕೈಯಲ್ಲುಳಿಯುವ ಲಾಭ. ಹೀಬ್ರೂ ಬೈಬಲಿನಲ್ಲಿ ಈ ಗ್ರಂಥ ಬಿಟ್ಟು ಬೇರೆಲ್ಲೂ ಈ ಪದವಿಲ್ಲ. ದುಡಿಮೆಯಿಂದ ಅಂಥ ಲಾಭ ಅವನಿಗೆ ಕಾಣದು. ಆದರೆ ಉಣ್ಣುವುದೂ ದುಡಿಮೆಯಲ್ಲಿ ಹಿಗ್ಗುವುದೂ ದೇವರ ವರವೆಂದು ಅವನೇ ಹೇಳುತ್ತಾನೆ (3:13). ಲಾಭವಲ್ಲದ್ದು ವರವಾಗಬಾರದೆಂದೇನಿದೆ? ಇಂಥ ವಾಕ್ಯಗಳನ್ನು ಹಾರಿಸಿ, ಹನ್ನೆರಡನೆಯ ಅಧ್ಯಾಯದ ಮುಕ್ತಾಯಕ್ಕೆ ಓಡಿ ಪ್ರಶ್ನೆಗಳ ಬಾಯಿ ಮುಚ್ಚಿಸುವ ನಮ್ಮ ಪ್ರಬೋಧನಾ ರೂಢಿ ಓದೆನಿಸದು.

ಹಾಗೆಂದು ಎಲ್ಲೆಡೆಯೂ ‘ಆವಿ’ ಎಂದರೆ ಸಾಲದು. ನೀತಿವಂತನಿಗೆ ದುಷ್ಟನ ಗತಿ ಒದಗುವುದೂ ಅವನಿಗೆ ‘ಹೆಬೆಲ್’ (8:14). ಅದನ್ನು ಕ್ಷಣಿಕವೆಂದು ಸಮಾಧಾನಪಡುವುದು ನೊಂದವರಿಗೆ ಎಸಗುವ ಅನ್ಯಾಯ. ಅಲ್ಲಿ ಮೈಕಲ್ ಫಾಕ್ಸ್ ಸೂಚಿಸುವ ‘ಅಸಂಗತ’ ಎಂಬ ಅರ್ಥವೇ ಹೆಚ್ಚು ಪ್ರಾಮಾಣಿಕ. ಒಂದೇ ಕನ್ನಡ ಪದವನ್ನು 38 ಕಡೆಗೂ ಹೊಂದಿಸುವ ಹಟ ಬೇಡ.

ಆದಿಕಾಂಡದಲ್ಲಿ ಆದಾಮನ ಎರಡನೆಯ ಮಗನ ಹೆಸರೂ ಹೀಬ್ರೂವಿನಲ್ಲಿ ಇದೇ ಪದ, ನಮ್ಮ ಹೇಬೆಲ. ಕೊಲೆಯಾಗುವ ಮೊದಲು ಅವನಾಡಿದ ಒಂದು ಮಾತೂ ಅಲ್ಲಿಲ್ಲ, ಸಂತತಿಯ ಪ್ರಸ್ತಾಪವಿಲ್ಲ. ಅವನ ಕಾಣಿಕೆಯನ್ನು ದೇವರು ಮೆಚ್ಚಿದರು. ಅಂದು ಆ ತಾಯಿಯ ಮುಂದೆ ನಾನು ಓದಬೇಕಾಗಿದ್ದುದು ಆ ಅಧ್ಯಾಯವನ್ನು.