ಒಂದು ಕೀಲಿಮಣೆ, ಎರಡು ಗಣಕ: ಕೆವಿಎಂ ಪೆಟ್ಟಿಗೆಯ ಬಗ್ಗೆ ಕೆಲವು ತಕರಾರುಗಳು

ಗಣಕದ ಬಿಡಿಭಾಗಗಳ ಅಂಗಡಿಗಳಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಸಿಗುತ್ತದೆ. ಬೆನ್ನಿಗೆ ಏಳೆಂಟು ತೂತು, ಮುಂದೆ ಒಂದು ಗುಂಡಿ, ಎರಡು ಪುಟ್ಟ ದೀಪ. ಕೆವಿಎಂ ಸ್ವಿಚ್ ಎಂದು ಅದರ ಹೆಸರು. ಕೀಬೋರ್ಡ್, ವಿಡಿಯೊ, ಮೌಸ್ ಎಂಬ ಮೂರು ಪದಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಆದದ್ದು. ಒಂದೇ ಕೀಲಿಮಣೆ, ಒಂದೇ ಮಾನಿಟರ್, ಒಂದೇ ಮೌಸ್. ಗಣಕಗಳು ಮಾತ್ರ ಎರಡು. ಗುಂಡಿ ಒತ್ತಿದರೆ ಈ ಮೂರೂ ಒಂದು ಗಣಕವನ್ನು ಬಿಟ್ಟು ಇನ್ನೊಂದಕ್ಕೆ ಅಂಟಿಕೊಳ್ಳುತ್ತವೆ. ಸಾಲಾಗಿ ಸರ್ವರ್‌ಗಳಿರುವ ಕೋಣೆಯಲ್ಲಿ ಪ್ರತಿಯೊಂದಕ್ಕೂ ಒಂದೊಂದು ಮಾನಿಟರ್ ಇಡುವುದು ದಂಡವೆಂದು ಬಳಕೆಗೆ ಬಂದ ಉಪಕರಣ ಈಗ ನಮ್ಮ ನಿಮ್ಮ ಮೇಜಿಗೂ ಬಂದಿದೆ.

ಒಂದು ಮೇಜಿಗೆ ಎರಡು ಗಣಕ ಏಕೆ ಎಂದು ನೀವು ಕೇಳಬಹುದು. ಕನ್ನಡ ಪುಟವಿನ್ಯಾಸದ ಕೆಲಸ ಮಾಡುವವರನ್ನು ಕೇಳಿ ನೋಡಿ, ಉತ್ತರ ಕೂಡಲೇ ಸಿಗುತ್ತದೆ. ಹಳೆಯ ಪುಸ್ತಕಗಳ ಕಡತಗಳೆಲ್ಲ ಪೇಜ್‌ಮೇಕರ್‌ನಲ್ಲಿವೆ. ಅದರ ಕೊನೆಯ ಪ್ರಮುಖ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಆ ಕಡತಗಳಲ್ಲಿರುವುದು ಹಳೆಯ ಸಂಕೇತ ವ್ಯವಸ್ಥೆಯ ಕನ್ನಡ. ಅದನ್ನು ಹಾಗೆಯೇ ಎತ್ತಿ ಇಂದಿನ ತಂತ್ರಾಂಶಕ್ಕೆ ಅಂಟಿಸಿದರೆ ಟೋಪಿ ಹಾಕಿಕೊಂಡ ರೋಮನ್ ಅಕ್ಷರಗಳ ಗೋಜಲು ಕಾಣಿಸುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ನಿಜ. ಆದರೆ ಕೋಷ್ಟಕಗಳು, ಅರ್ಕಾವತ್ತುಗಳು, ನಡುನಡುವೆ ಬರುವ ಇಂಗ್ಲಿಷ್ ಪದಗಳು ಎಡವುವ ಜಾಗಗಳಾಗಿಯೇ ಉಳಿದಿವೆ. ಹಾಗಾಗಿ ಹಳೆಯ ವಿಂಡೋಸ್ ಎಕ್ಸ್‌ಪಿ ಗಣಕವೊಂದು ಮೇಜಿನ ಕೆಳಗೆ, ಹೊಸದೊಂದು ಅದರ ಪಕ್ಕದಲ್ಲಿ. ನನ್ನ ಮೇಜೂ ಅಂಥದ್ದೇ. ಈ ಪೆಟ್ಟಿಗೆಯೊಡನೆ ಕೆಲವು ವರ್ಷ ಕಳೆದ ಮೇಲೆ ಅದರ ಪರವಾಗಿಯೂ ವಿರೋಧವಾಗಿಯೂ ಹೇಳಬೇಕಾದದ್ದು ಇದೆ.

ಮೊದಲು ಒಂದು ತಪ್ಪು ಸಲಹೆಯ ವಿಚಾರ. 'ಪೆಟ್ಟಿಗೆಗೆ ಹಣ ಯಾಕೆ ಸುರಿಯುತ್ತೀರಿ, ಉಚಿತ ತಂತ್ರಾಂಶವೇ ಈ ಕೆಲಸ ಮಾಡುತ್ತದಲ್ಲ' ಎಂದು ಬಲ್ಲವರೇ ಹೇಳುವುದುಂಟು. 2001ರಲ್ಲಿ ಆರಂಭವಾದ ಸಿನರ್ಜಿ, ಅದರಿಂದ 2018ರಲ್ಲಿ ಕವಲೊಡೆದ ಬ್ಯಾರಿಯರ್, ಮೈಕ್ರೋಸಾಫ್ಟ್‌ನ ಮೌಸ್ ವಿದೌಟ್ ಬಾರ್ಡರ್ಸ್ ಇವೆಲ್ಲ ಅಂಥವು. ಒಂದು ಗಣಕದ ಪರದೆಯ ಅಂಚಿಗೆ ಮೌಸ್ ಬಾಣವನ್ನು ತಳ್ಳಿದರೆ ಅದು ಪಕ್ಕದ ಗಣಕದ ಪರದೆಯ ಮೇಲೆ ಹೊರಬರುತ್ತದೆ. ನೋಡಲು ಚೆಂದ. ಆದರೆ 'ಪಕ್ಕದ ಪರದೆ' ಎಂಬ ಮಾತನ್ನು ಗಮನಿಸಿ. ಇವು ಹಂಚುವುದು ಕೀಲಿಮಣೆ ಮತ್ತು ಮೌಸನ್ನು ಮಾತ್ರ. ಪ್ರತಿ ಗಣಕಕ್ಕೂ ತನ್ನದೇ ಮಾನಿಟರ್ ಇರಲೇಬೇಕು. ಇರುವುದೊಂದೇ ಮಾನಿಟರ್ ಎಂದವರಿಗೆ ಇದು ಉತ್ತರವೇ ಅಲ್ಲ.

ಇನ್ನೂ ದೊಡ್ಡ ಆಕ್ಷೇಪವೆಂದರೆ ಈ ತಂತ್ರಾಂಶಗಳು ಜಾಲದ ಮೂಲಕ ಕೆಲಸ ಮಾಡುತ್ತವೆ. ಎರಡೂ ಗಣಕಗಳು ಒಂದೇ ಜಾಲದಲ್ಲಿರಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಆಮೇಲೆ ಕಂಡುಬಂದ ರಂಧ್ರಗಳಿಗೆ ಸಾಮಾನ್ಯ ಬಳಕೆದಾರರಿಗೆ ತೇಪೆ ಸಿಗುವುದಿಲ್ಲ. 2017ರ ಮೇ ತಿಂಗಳ ವಾನ್ನಕ್ರೈ ಹಾವಳಿಯಲ್ಲಿ ಒಂದು ತೇಪೆ ಬಂದದ್ದು ಅಪವಾದ. ಅಂಥ ಗಣಕವನ್ನು, ಅದೂ ಇಪ್ಪತ್ತು ವರ್ಷಗಳ ಪುಸ್ತಕಗಳಿರುವುದನ್ನು, ಕೇವಲ ಕೀಲಿಮಣೆ ಹಂಚಿಕೊಳ್ಳಲೆಂದು ಜಾಲಕ್ಕೆ ಸೇರಿಸುವುದು ಬಾಗಿಲು ತೆಗೆದಿಟ್ಟು ಊರಿಗೆ ಹೋದಂತೆ. ಕೆವಿಎಂ ಪೆಟ್ಟಿಗೆಗೆ ಜಾಲ ಬೇಡ, ಗಣಕದಲ್ಲಿ ಯಾವ ತಂತ್ರಾಂಶವನ್ನೂ ಅನುಸ್ಥಾಪಿಸಬೇಕಿಲ್ಲ, ಕಾರ್ಯಾಚರಣ ವ್ಯವಸ್ಥೆ ಏಳುವ ಮೊದಲೇ ಬಯೋಸ್ ಪರದೆಯಲ್ಲೂ ಅದು ಕೆಲಸ ಮಾಡುತ್ತದೆ. ಈ ಒಂದು ಕಾರಣಕ್ಕೆ ನಾನು ಇಂದಿಗೂ ಪೆಟ್ಟಿಗೆಯ ಪಕ್ಷ.

ಇನ್ನು ಪೆಟ್ಟಿಗೆಯ ಮೇಲಿನ ತಕರಾರು. ಅದರ ಮೂರು ಕೆಲಸಗಳಲ್ಲಿ ನಡುವಿನದು, ಅಂದರೆ ವಿಡಿಯೊ, ತೀರಾ ಕಷ್ಟದ್ದು. ಕಡಿಮೆ ಬೆಲೆಯ ಪೆಟ್ಟಿಗೆ ಅಲ್ಲೇ ಸೋಲುತ್ತದೆ.

ಹಳೆಯ ಗಣಕದಿಂದ ಬರುವುದು ವಿಜಿಎ ಸಂಕೇತ. 1987ರ ಈ ವ್ಯವಸ್ಥೆಯಲ್ಲಿ ಬಣ್ಣಗಳು ಏರಿಳಿಯುವ ವೋಲ್ಟೇಜಿನ ರೂಪದಲ್ಲಿ ಹೋಗುತ್ತವೆ. 1920x1080 ಬಿಂದುಗಳ ಪರದೆಯನ್ನು ಸೆಕೆಂಡಿಗೆ 60 ಬಾರಿ ತುಂಬಿಸಲು, ಖಾಲಿ ಬಿಡುವ ಅಂಚುಗಳೂ ಸೇರಿ, ಸೆಕೆಂಡಿಗೆ 14.85 ಕೋಟಿ ಬಿಂದುಗಳು ಸಾಗಬೇಕು. ಒಂದು ಬಿಂದುವಿಗೆ ಸಿಗುವ ಕಾಲ ಸುಮಾರು 6.7 ನ್ಯಾನೊಸೆಕೆಂಡ್. ಕೇಬಲ್ಲು, ಕನೆಕ್ಟರು, ಮಾನಿಟರು ಎಲ್ಲವೂ 75 ಓಮ್‌ಗೆ ಹೊಂದಿಕೊಂಡಿರಬೇಕು. ಹೊಂದದ ಪ್ರತಿ ಜೋಡಣೆಯಲ್ಲೂ ಸಂಕೇತದ ಸ್ವಲ್ಪ ಭಾಗ ಹಿಂದಕ್ಕೆ ಪುಟಿಯುತ್ತದೆ. ಮಾನಿಟರಿನ ತುದಿಯಲ್ಲಿ ಪುಟಿದದ್ದು ಪೆಟ್ಟಿಗೆಯ ತುದಿಯಲ್ಲಿ ಮತ್ತೆ ಪುಟಿದು ತಡವಾಗಿ ಮಾನಿಟರಿಗೆ ಬರುತ್ತದೆ. ಕೇಬಲ್ಲಿನಲ್ಲಿ ಸಂಕೇತದ ವೇಗ ನ್ಯಾನೊಸೆಕೆಂಡಿಗೆ ಹೆಚ್ಚುಕಡಿಮೆ 20 ಸೆಂಟಿಮೀಟರ್. 1.8 ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರಲು 18 ನ್ಯಾನೊಸೆಕೆಂಡ್, ಅಂದರೆ ಎರಡೂವರೆ ಬಿಂದುಗಳಿಗಿಂತ ತುಸು ಹೆಚ್ಚು. ಹೀಗಾಗಿ ಪ್ರತಿ ಅಕ್ಷರದ ಬಲಕ್ಕೆ ಎರಡು ಮೂರು ಬಿಂದುಗಳಷ್ಟು ದೂರದಲ್ಲಿ ಅದರದೇ ಮಸುಕು ನೆರಳು!

ಇಂಗ್ಲಿಷ್ ಓದುವವನಿಗೆ ಇದು ಬರೀ ಕಿರಿಕಿರಿ ಇರಬಹುದು. ಕನ್ನಡದಲ್ಲಿ ಹಾಗಲ್ಲ. 'ದ'ಕ್ಕೂ 'ಧ'ಕ್ಕೂ, 'ಬ'ಕ್ಕೂ 'ಭ'ಕ್ಕೂ ಇರುವ ಮುಖ್ಯ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಹತ್ತು ಪಾಯಿಂಟ್ ಅಕ್ಷರದಲ್ಲಿ ಆ ಸೀಳು ಒಂದೆರಡು ಬಿಂದುಗಳಷ್ಟೇ ಇರುತ್ತದೆ. ನೆರಳು ಬಂದು ಕೂರುವುದು ಸರಿಯಾಗಿ ಅದರ ಮೇಲೆಯೇ. ನಾನು ಪರದೆಯ ಮೇಲೆ ತಿದ್ದಿದ ಪುಟಗಳಲ್ಲಿ ಮಹಾಪ್ರಾಣದ ತಪ್ಪುಗಳು ಏಕೆ ಹೆಚ್ಚಿದವೆಂದು ಬಹಳ ದಿನ ತಿಳಿಯಲಿಲ್ಲ. ಕನ್ನಡಕದ ವೈದ್ಯರಲ್ಲಿಗೂ ಹೋಗಿ ಬಂದೆ. ಒಂದು ದಿನ ಪೆಟ್ಟಿಗೆಯನ್ನು ತಪ್ಪಿಸಿ ಮಾನಿಟರನ್ನು ನೇರವಾಗಿ ಗಣಕಕ್ಕೆ ಸಿಕ್ಕಿಸಿದಾಗ ದೋಷ ಯಾರದೆಂದು ಗೊತ್ತಾಯಿತು.

ಎರಡನೆಯದು ಪರಿಚಯದ ತೊಂದರೆ. ಮಾನಿಟರ್ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವ ಏರ್ಪಾಡನ್ನು ವೀಸಾ ಎಂಬ ಮಾನಕ ಸಂಸ್ಥೆ 1994ರಲ್ಲಿ ರೂಪಿಸಿತು. ಇಡಿಐಡಿ ಎಂಬ 128 ಬೈಟ್‌ಗಳ ಆ ಚೀಟಿಯಲ್ಲಿ ತಯಾರಕರು ಯಾರು, ಪರದೆ ಎಷ್ಟಗಲ, ಯಾವ ಯಾವ ರೆಸಲ್ಯೂಷನ್ ಆಗುತ್ತದೆ ಎಂಬುದೆಲ್ಲ ಇರುತ್ತದೆ. ವಿಜಿಎ ಕನೆಕ್ಟರಿನ 15 ಕಡ್ಡಿಗಳಲ್ಲಿ ಎರಡು ಈ ಮಾತುಕತೆಗೆ ಮೀಸಲು. ಅಗ್ಗದ ಪೆಟ್ಟಿಗೆಗಳಲ್ಲಿ ಆ ಎರಡು ತಂತಿಗಳು ಆಯ್ಕೆಯಾದ ಗಣಕಕ್ಕೆ ಮಾತ್ರ ತಲುಪುತ್ತವೆ. ಕೆಲವದರಲ್ಲಿ ಯಾವುದಕ್ಕೂ ಇಲ್ಲ. ನೀವು ಹೊಸ ಗಣಕದಲ್ಲಿ ಕೆಲಸ ಮಾಡುತ್ತಿರುವಾಗ ಹಳೆಯದನ್ನು ಚಾಲೂ ಮಾಡಿದಿರಿ ಎನ್ನಿ. ಅದು ಮಾನಿಟರ್ ಯಾವುದೆಂದು ಕೇಳುತ್ತದೆ, ಉತ್ತರ ಬರುವುದಿಲ್ಲ. ಯಾವುದಕ್ಕೂ ಇರಲಿ ಎಂದು 1024x768ಕ್ಕೆ ಇಳಿಯುತ್ತದೆ. 4:3ರ ಆ ಚಿತ್ರವನ್ನು 16:9ರ ಪರದೆ ಎಳೆದು ತುಂಬಿಸಿಕೊಂಡರೆ ಎಲ್ಲವೂ ಮೂರನೇ ಒಂದರಷ್ಟು ಅಗಲವಾಗುತ್ತದೆ. ಸೊನ್ನೆ ಮೊಟ್ಟೆಯಾಗುತ್ತದೆ! ಅಕ್ಷರದ ಅಂದ, ಸಾಲಿನ ಅಳತೆ ನೋಡಿ ಪುಟ ಕಟ್ಟುವವರಿಗೆ ಇದಕ್ಕಿಂತ ಶಿಕ್ಷೆ ಇಲ್ಲ. ಎಕ್ಸ್‌ಪಿಯ ಡಿಸ್‌ಪ್ಲೇ ಸಂಯೋಜನೆಯಲ್ಲಿ, ಈ ಮಾನಿಟರಿಗಾಗದ ರೆಸಲ್ಯೂಷನ್‌ಗಳನ್ನು ಮರೆಮಾಡು ಎಂಬ ಸಾಲಿನ ಗುರುತು ತೆಗೆದರೆ ಒಮ್ಮೊಮ್ಮೆ ಪರಿಹಾರ ಸಿಗುತ್ತದೆ. ಒಳ್ಳೆಯ ಪೆಟ್ಟಿಗೆಗಳು ಆ ಚೀಟಿಯ ನಕಲನ್ನು ತಮ್ಮಲ್ಲೇ ಇಟ್ಟುಕೊಂಡು ಎರಡೂ ಗಣಕಗಳಿಗೆ ಯಾವಾಗಲೂ ಉತ್ತರಿಸುತ್ತವೆ. ಬೆಲೆಯ ವ್ಯತ್ಯಾಸಕ್ಕೆ ಇದೊಂದು ಮುಖ್ಯ ಕಾರಣ. ಹೊರಗಿನ ಡಬ್ಬದ ಮೇಲೆ ಮಾತ್ರ ಈ ವಿಷಯ ಇರುವುದು ಅಪರೂಪ. ಅಲ್ಲಿರುವುದು ನಗುತ್ತಿರುವ ದಂಪತಿಯ ಚಿತ್ರ.

ಕೀಲಿಮಣೆಗೆ ಬರೋಣ. ಕೀಲಿಮಣೆ ಅಕ್ಷರವನ್ನು ಕಳಿಸುವುದಿಲ್ಲ, ಕೀಲಿಯ ಸ್ಥಾನದ ಸಂಖ್ಯೆಯನ್ನು ಕಳಿಸುತ್ತದೆ. ಆ ಸ್ಥಾನಕ್ಕೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಗಣಕ. ಪೆಟ್ಟಿಗೆ ಇದನ್ನು ಬದಲಿಸಲಾರದು, ಬದಲಿಸಲೂಬಾರದು. ಆದರೆ ಬಳಸುವವರು ಇದನ್ನು ಮೊದಲೇ ತಿಳಿದಿರಬೇಕು. ನನ್ನ ಹಳೆಯ ಗಣಕದಲ್ಲಿ ನುಡಿ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ಕೀಲಿ ವಿನ್ಯಾಸ. ಹೊಸದರಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ. ಇಂಗ್ಲಿಷಿನ 'ಡಿ' ಕೀಲಿ ಒತ್ತಿದರೆ ಅಲ್ಲಿ 'ದ', ಇಲ್ಲಿ ಅರ್ಧಾಕ್ಷರದ ಚಿಹ್ನೆ. ಎರಡು ಬೇರೆ ಕೀಲಿಮಣೆಗಳಿದ್ದಾಗ ಕೈಗೆ ತಾನಾಗಿಯೇ ನೆನಪಿರುತ್ತಿತ್ತು, ಈ ಮಣೆಗೆ ಈ ವಿನ್ಯಾಸ ಎಂದು. ಒಂದೇ ಮಣೆಯಾದ ಮೇಲೆ ಬೆರಳುಗಳು ಗೊಂದಲಕ್ಕೆ ಬಿದ್ದವು. ಕೊನೆಗೆ ಎರಡೂ ಕಡೆ ಒಂದೇ ವಿನ್ಯಾಸ ಇಟ್ಟುಕೊಂಡೆ.

ಸ್ಕ್ರಾಲ್ ಲಾಕ್ ಕೀಲಿಯ ಕಥೆ ಇನ್ನೂ ಸ್ವಾರಸ್ಯದ್ದು. ಯಾರೂ ಬಳಸದ ಕೀಲಿ ಎಂಬ ನಂಬಿಕೆಯಿಂದ ಅನೇಕ ಕೆವಿಎಂ ತಯಾರಕರು ಗಣಕ ಬದಲಿಸಲು ಅದನ್ನೇ ಎರಡು ಬಾರಿ ಒತ್ತುವ ಕ್ರಮ ಇಟ್ಟಿದ್ದಾರೆ. ಆದರೆ ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಬರುವುದು ಇದೇ ಕೀಲಿಯಿಂದ! ಕನ್ನಡ ಬೆರಳಚ್ಚುಗಾರರು ದಿನಕ್ಕೆ ನೂರಾರು ಬಾರಿ ಒತ್ತುವ ಕೀಲಿ ಅದು. ಅವಸರದಲ್ಲಿ ಎರಡು ಸಲ ತಾಗಿದರೆ ವಾಕ್ಯದ ನಡುವೆ ಪರದೆಯೇ ಬದಲಾಗುತ್ತದೆ. ನನ್ನ ಪೆಟ್ಟಿಗೆ ಮೊದಲ ಒತ್ತನ್ನು ಗಣಕಕ್ಕೆ ದಾಟಿಸಿ ಎರಡನೆಯದನ್ನು ತಾನು ನುಂಗುತ್ತಿತ್ತು. ಹಾಗಾಗಿ ಮರಳಿ ಬಂದಾಗ ನುಡಿ ಇಂಗ್ಲಿಷಿಗೆ ಹೊರಳಿರುತ್ತಿತ್ತು. ಬದಲಿಸುವ ಕೀಲಿಯನ್ನು ಬೇರೆ ಮಾಡಿಕೊಳ್ಳಲು ಕೆಲವು ಪೆಟ್ಟಿಗೆಗಳಲ್ಲಿ ಅವಕಾಶವಿದೆ, ನನ್ನದರಲ್ಲಿ ಇರಲಿಲ್ಲ. ತಯಾರಕರನ್ನು ಇದಕ್ಕೆ ದೂರಿ ಫಲವಿಲ್ಲ ಎನ್ನಿಸುತ್ತದೆ. ಅವರ ಲೆಕ್ಕದಲ್ಲಿ ಕನ್ನಡ ಬೆರಳಚ್ಚು ಎಂಬುದೊಂದು ಇದ್ದಿರಲಾರದು.

ಯುಎಸ್‌ಬಿ ಪೆಟ್ಟಿಗೆಗಳಲ್ಲಿ ಎರಡು ಜಾತಿ. ಒಂದು, ಗುಂಡಿ ಒತ್ತಿದಾಗ ಕೀಲಿಮಣೆಯನ್ನು ನಿಜವಾಗಿ ಕಿತ್ತು ಇನ್ನೊಂದಕ್ಕೆ ಚುಚ್ಚಿದಂತೆ ಮಾಡುವುದು. ಗಣಕ ಪ್ರತಿ ಸಲವೂ ನೀನು ಯಾರು ಎಂದು ಹೊಸದಾಗಿ ಕೇಳಿ ತಿಳಿಯಬೇಕು. ಆ ಒಂದೆರಡು ಸೆಕೆಂಡು ಟೈಪ್ ಮಾಡಿದ್ದು ಗಾಳಿಗೆ. ಇನ್ನೊಂದು, ಪೆಟ್ಟಿಗೆಯೇ ಎರಡೂ ಗಣಕಗಳಿಗೆ ಕೀಲಿಮಣೆಯಂತೆ ನಟಿಸುವುದು. ಬದಲಾವಣೆ ತಕ್ಷಣ ಆಗುತ್ತದೆ, ಕೀಲಿಮಣೆ ಇಲ್ಲವೆಂದು ಹಳೆಯ ಗಣಕ ಏಳುವಾಗಲೇ ಮುಷ್ಕರ ಹೂಡುವುದೂ ತಪ್ಪುತ್ತದೆ. ಆದರೆ ಅದಕ್ಕೆ ಗೊತ್ತಿರುವ ನಟನೆ ಸಾದಾ ಕೀಲಿಮಣೆಯದ್ದು. ನಿಮ್ಮ ಮೌಸಿನ ಹೆಚ್ಚುವರಿ ಗುಂಡಿಗಳು ಸತ್ತುಹೋಗಬಹುದು.

ಮೊದಲ ಜಾತಿಯ ಪೆಟ್ಟಿಗೆಯಲ್ಲಿ ಪೆನ್ ಡ್ರೈವ್‌ಗೂ ಒಂದು ಕಿಂಡಿ ಇರುವುದು ಅನುಕೂಲವೆಂದು ಹೇಳಲಾಗುತ್ತದೆ. ನನ್ನ ಮಟ್ಟಿಗೆ ಅದು ಬಲೆ. ಶಾಲೆಯೊಂದರ ಸ್ಮರಣ ಸಂಚಿಕೆಯ ಪುಟಗಳನ್ನು ಹಳೆಯ ಗಣಕದಿಂದ ಪೆನ್ ಡ್ರೈವ್‌ಗೆ ನಕಲಿಸಲು ಬಿಟ್ಟು, ಅಷ್ಟರಲ್ಲಿ ಒಂದು ಪತ್ರ ನೋಡೋಣವೆಂದು ಗುಂಡಿ ಒತ್ತಿದೆ. ಕೀಲಿಮಣೆ, ಮೌಸ್ ಜೊತೆಗೆ ಪೆನ್ ಡ್ರೈವೂ ನಕಲಿನ ನಡುವೆಯೇ ಈ ಕಡೆ ಬಂತು. ಕಡತದ ಅರ್ಧ ಇತ್ತು, ಉಳಿದರ್ಧ ಇರಲಿಲ್ಲ. ಅದೇ ಡ್ರೈವ್‌ನಲ್ಲಿ ಹಿಂದಿನ ದಿನ ಸಂಪಾದಕರು ತಿದ್ದಿಕೊಟ್ಟಿದ್ದ ಲೇಖನಗಳೂ ತೆರೆಯಲಿಲ್ಲ. ಅವುಗಳ ಬೇರೆ ಪ್ರತಿ ನನ್ನಲ್ಲಿರಲಿಲ್ಲ. ಆ ಹಿರಿಯರು ಒಂದು ಮಾತೂ ಆಡದೆ ಎಲ್ಲವನ್ನೂ ಮತ್ತೊಮ್ಮೆ ಕೈಯಲ್ಲಿ ತಿದ್ದಿಕೊಟ್ಟರು, ಬೈದಿದ್ದರೆ ವಾಸಿಯಿತ್ತು. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಡ್ರೈವ್ ಕೆಲಸದಲ್ಲಿರುವಾಗ ಬದಲಿಸಬೇಡಿ ಎಂಬ ಒಂದು ಸಾಲು ಕೈಪಿಡಿಯಲ್ಲಿ ಇರಬೇಕಿತ್ತು.

ಹಾಗಾದರೆ ಏನು ಕೊಳ್ಳಬೇಕು? ಎರಡೇ ಗಣಕಗಳಿದ್ದರೆ ವಿಡಿಯೊವನ್ನು ಪೆಟ್ಟಿಗೆಗೆ ಒಪ್ಪಿಸಲೇಬೇಡಿ ಎಂಬುದು ನನ್ನ ತೀರ್ಮಾನ. ಎರಡು ಒಳಹರಿವುಗಳಿರುವ, ಅಂದರೆ ಒಂದು ವಿಜಿಎ ಒಂದು ಎಚ್‌ಡಿಎಂಐ ಇರುವ ಮಾನಿಟರುಗಳು ಸಿಗುತ್ತವೆ. ಹಳೆಯ ಗಣಕವನ್ನು ಮೊದಲನೆಯದಕ್ಕೆ, ಹೊಸದನ್ನು ಎರಡನೆಯದಕ್ಕೆ ನೇರವಾಗಿ ಸಿಕ್ಕಿಸಿ. ಚಿತ್ರ ಬದಲಿಸಲು ಮಾನಿಟರಿನದೇ ಗುಂಡಿ ಇದೆ. ಕೀಲಿಮಣೆ ಮತ್ತು ಮೌಸಿಗೆ ಮಾತ್ರ ಒಂದು ಸಾದಾ ಯುಎಸ್‌ಬಿ ಸ್ವಿಚ್ ಸಾಕು. ಒಂದರ ಬದಲು ಎರಡು ಗುಂಡಿ ಒತ್ತಬೇಕು, ಅಷ್ಟೇ ನಷ್ಟ. ನೆರಳಿಲ್ಲ, ಮೊಟ್ಟೆಯಾದ ಸೊನ್ನೆಯೂ ಇಲ್ಲ. ಹೊಸ ಗಣಕದ ಚಿತ್ರ 4ಕೆ ಆದರಂತೂ ಈ ಮಾತು ಇನ್ನೂ ಗಟ್ಟಿ: ಸೆಕೆಂಡಿಗೆ 60 ಚಿತ್ರಗಳ ಪೂರ್ಣ ಬಣ್ಣದ 4ಕೆಗೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸಬಲ್ಲ ಎಚ್‌ಡಿಎಂಐ 2.0 ಬೇಕು; ಅದನ್ನು ಕೆಡಿಸದೆ ಹಾಯಿಸುವ ಪೆಟ್ಟಿಗೆಯ ಬೆಲೆಗೆ ಸಾಧಾರಣ ಮಾನಿಟರೊಂದು ಬರಬಹುದು.

ನಾಲ್ಕೆಂಟು ಗಣಕಗಳಿದ್ದಲ್ಲಿ ಮಾತು ಬೇರೆ, ಅಲ್ಲಿ ಒಳ್ಳೆಯ ಕೆವಿಎಂ ಅನಿವಾರ್ಯ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿ. ಪೆಟ್ಟಿಗೆ ಮೊದಲ ಗಣಕದ ಕಡೆ ಇರುವಾಗ ಎರಡನೆಯದನ್ನು ಚಾಲೂ ಮಾಡಿ, ಅದು ಪೂರ್ತಿ ಎದ್ದ ಮೇಲೆ ಆ ಕಡೆ ಹೊರಳಿ ರೆಸಲ್ಯೂಷನ್ ನೋಡಿ. ಆಮೇಲೆ ಒಂದು ಗಣಕವನ್ನು ಪೂರ್ತಿ ಆರಿಸಿ. ಪೆಟ್ಟಿಗೆಯ ಮೂಲಕ ಇನ್ನೊಂದರ ವಿದ್ಯುತ್ ಹಿಂದಿನಿಂದ ನುಗ್ಗಿ ಆರಿದ ಗಣಕದ ದೀಪ ಮಿಣಿಮಿಣಿ ಎನ್ನುತ್ತಿದ್ದರೆ ಆ ಪೆಟ್ಟಿಗೆ ಬೇಡ. ಕನ್ನಡ ಪಠ್ಯದ ಒಂದು ಪುಟವನ್ನೂ ಜೊತೆಗೆ ಒಯ್ಯಿರಿ, ಸಣ್ಣ ಅಕ್ಷರದ್ದು, 'ಧರ್ಮ', 'ಭಾಷೆ'ಗಳಂಥ ಪದಗಳು ಧಾರಾಳವಾಗಿ ಇರುವಂಥದ್ದು.

ನನ್ನ ಮೇಜಿನಲ್ಲಿ ಈಗ ಇರುವುದು ಮೇಲೆ ಹೇಳಿದ ಎರಡು ಗುಂಡಿಗಳ ಏರ್ಪಾಡು. ಪೆನ್ ಡ್ರೈವನ್ನು ನೇರವಾಗಿ ಗಣಕದ ಮುಖಕ್ಕೇ ಚುಚ್ಚುತ್ತೇನೆ. ಹಳೆಯ ಪೆಟ್ಟಿಗೆ ಕಪಾಟಿನಲ್ಲಿದೆ. ಅದರ ವಿಜಿಎ ಕೇಬಲ್ಲೊಂದು ಚೆನ್ನಾಗಿದ್ದದ್ದರಿಂದ ಅದನ್ನು ಬಿಚ್ಚಿ ಹಳೆಯ ಗಣಕಕ್ಕೆ ಹಾಕಿಕೊಂಡಿದ್ದೇನೆ.